ವೀರಪ್ಪನ್‌ಗೂ ತಮಿಳು ಉಗ್ರರಿಗೂ ಏನು ನಂಟು?

ನಮ್ಮೂರು ತಮಿಳುನಾಡಿನ ಗಡಿಯ ತಾಳವಾಡಿ ಕಡೆ ಅಂದ ಕೂಡಲೇ ಮಾತು ಅಣ್ಣಾವ್ರ ಅಪಹರಣಕ್ಕೆ ತಿರುಗುತ್ತದೆ. 2000ದ ಜುಲೈ 30ರ ರಾತ್ರಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ ದೊಡ್ಡ ಗಾಜನೂರು ನಮಗೆ ಪಕ್ಕದ ಊರು. ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ. ಆನೆ ದಂತ, ಗಂಧದ ಮರ ಕದಿಯುತ್ತಿದ್ದವನು ತಮಿಳು ಉಗ್ರರ ಜೊತೆ ಯಾಕೆ ಸೇರಿದ? ಅವರಾದರೂ ಇವನನ್ನು ಯಾಕೆ ಸೇರಿಸಿಕೊಂಡರು?

ನಾನಾಗ ಹೈಸ್ಕೂಲಿನಲ್ಲಿದ್ದೆ. ಚಾಮರಾಜನಗರದ ಬಸ್ಸು ನಿಂತುಹೋಯಿತು. ನಮಗೆ ಸಂತೆ, ಆಸ್ಪತ್ರೆ, ನೆಂಟಸ್ತನ ಎಲ್ಲ ಆ ಕಡೆಗೇ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದ್ರಾಸ್ ರಾಜ್ಯದಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಆ 108 ದಿನ ಎರಡು ಭಾಷೆಯವರ ನಡುವೆ ಕಿಡಿ ಹಾರೀತು ಅಂತ ಹೆದರಿಕೊಂಡೇ ಕಳೆದೆವು.

ಉತ್ತರ ಬೇಕಾದರೆ ಅವನು ಕಳಿಸಿದ ಹತ್ತು ಬೇಡಿಕೆಗಳ ಪಟ್ಟಿ ನೋಡಬೇಕು. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಕರ್ನಾಟಕದ ಆಡಳಿತದಲ್ಲಿ ತಮಿಳಿಗೂ ಜಾಗ, ನೀಲಗಿರಿಯ ಟೀ ಎಲೆಗೆ ಒಳ್ಳೆ ಬೆಲೆ, ತಮಿಳುನಾಡಿನ ಜೈಲಿನಲ್ಲಿದ್ದ ಐವರ ಬಿಡುಗಡೆ. ಅದೇ ಪಟ್ಟಿಯಲ್ಲಿ, ವೀರಪ್ಪನ್ ಪ್ರಕರಣದಲ್ಲಿ ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಕರ್ನಾಟಕದ ಜೈಲು ಸೇರಿದವರನ್ನು ಬಿಡಬೇಕು ಅಂತಲೂ ಇತ್ತು. ಒಂದೇ ಕಾಗದ, ಆದರೆ ಇಬ್ಬರು ಕೂತು ಬರೆಸಿದ ಹಾಗಿದೆ, ಅಲ್ವಾ? ಟಾಡಾ ಕೈದಿಗಳು ಅವನ ಬೇಡಿಕೆ. ಟೀ ಎಲೆ, ತಿರುವಳ್ಳುವರ್, ಆ ಐವರು ಜೊತೆಗಾರರ ಬೇಡಿಕೆ.

ಜೊತೆಗಾರರು ಅಂದರೆ ತಮಿಳುನಾಡು ವಿಡುದಲೈ ಪಡೈ ಮತ್ತು ತಮಿಳ್ ದೇಶಿಯ ಮೀಟ್ಪು ಪಡೈ ಎಂಬ, ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅನ್ನುತ್ತಿದ್ದ ಎರಡು ಸಣ್ಣ ಗುಂಪುಗಳು. ಮೊದಲನೆಯದನ್ನು ಕಟ್ಟಿದ ತಮಿಳರಸನ್ 1987ರಲ್ಲೇ ಪೊನ್‌ಪರಪ್ಪಿಯಲ್ಲಿ ಬ್ಯಾಂಕ್ ದರೋಡೆಗೆ ಹೋಗಿ ಹೊಡೆತ ತಿಂದು ಸತ್ತಿದ್ದ. ಉಳಿದವರಿಗೆ ತತ್ವ ಇತ್ತು, ಭಾಷಣ ಇತ್ತು. ಅಡಗಲು ಕಾಡಿರಲಿಲ್ಲ, ಊರೂರಿಗೂ ಗೊತ್ತಿರುವ ಹೆಸರೂ ಇರಲಿಲ್ಲ.

ವೀರಪ್ಪನ್‌ಗೆ ಇದ್ದದ್ದು ಅವೆರಡೇ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಇಟ್ಟು 22 ಜನರನ್ನು ಕೊಂದ ಮೇಲೆ ಎರಡೂ ರಾಜ್ಯದ ವಿಶೇಷ ಪೊಲೀಸ್ ಪಡೆ (ಎಸ್‌ಟಿಎಫ್) ಜೊತೆ ಗಡಿ ಭದ್ರತಾ ಪಡೆ ಬಿಎಸ್‌ಎಫ್ ಕೂಡ ಬೆನ್ನು ಹತ್ತಿತು. ಗುಂಪು ಕರಗಿತು. ಕ್ಷಮಾದಾನ ಕೇಳುತ್ತಲೇ ಇದ್ದ, ಆದರೆ ಕೊಲೆಗಾರನನ್ನು ಕ್ಷಮಿಸಿದೆವು ಅಂತ ಹೇಳಿ ಯಾವ ಸರ್ಕಾರ ಉಳಿದೀತು? ತಮಿಳರ ಹೋರಾಟಗಾರ ಅನ್ನಿಸಿಕೊಂಡರೆ ಮಾತುಕತೆಗೆ ಕೂರಿಸುತ್ತಾರೆ ಅಂತ ಲೆಕ್ಕ ಹಾಕಿದ. ನಮ್ಮಜ್ಜಿ ಇದನ್ನೇ ಚಿಕ್ಕದಾಗಿ ಹೇಳುತ್ತಿದ್ದರು: 'ಕಳ್ಳನಿಗೆ ಒಂದು ಪಿಳ್ಳೆ ನೆವ ಕಣಪ್ಪಾ.' ಅವನು ಹುಟ್ಟಿದ ಗೋಪಿನಾಥಂ ಇವತ್ತು ಚಾಮರಾಜನಗರ ಜಿಲ್ಲೆಯಲ್ಲಿದೆ. ಕೊನೆಯವರೆಗೂ ಜೊತೆಗಿದ್ದವರಲ್ಲಿ ಒಬ್ಬನ ಹೆಸರು ಚಂದ್ರೇಗೌಡ. ಭಾಷೆಯ ಹೋರಾಟ ಅವನಿಗೆ ಎಷ್ಟು ಮುಖ್ಯವಾಗಿತ್ತು ಅನ್ನುವುದು ಇಷ್ಟರಲ್ಲೇ ತಿಳಿಯುತ್ತದೆ.

ಬೇರೆ ಕಡೆಯೂ ನಾನು ಕಂಡದ್ದು ಇದೇ: ತನ್ನಲ್ಲಿ ಇಲ್ಲದ್ದು ಯಾರ ಹತ್ತಿರ ಇದೆಯೋ ಅವರ ಬಾಗಿಲಿಗೆ ಹೋಗುವುದು. ಅಲ್ಜೀರಿಯಾದ ಒಂದು ಗುಂಪು 2007ರಲ್ಲಿ ಅಲ್ ಖೈದಾ ಹೆಸರನ್ನೇ ಇಟ್ಟುಕೊಂಡಿತು. ಬಿಹಾರದಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಪೀಪಲ್ಸ್ ವಾರ್ ಮತ್ತು ಎಂಸಿಸಿ ಎಂಬ ನಕ್ಸಲ್ ಗುಂಪುಗಳು, 2004ರಲ್ಲಿ ಸೇರಿ ಒಂದೇ ಮಾವೋವಾದಿ ಪಕ್ಷವಾದವು. ಸರ್ಕಾರದ ಹೊಡೆತ ಜಾಸ್ತಿಯಾದಾಗ ಹಳೇ ದ್ವೇಷ ಹಿಂದೆ ಸರಿಯುತ್ತದೆ. ಆದರೆ ನಂಬಿಕೆ ಹುಟ್ಟುವುದಿಲ್ಲ. ಶ್ರೀಲಂಕಾದಲ್ಲಿ 1985ರಲ್ಲಿ ಎಲ್‌ಟಿಟಿಇ, ಟೆಲೋ ಮತ್ತಿತರ ತಮಿಳು ಉಗ್ರರ ಗುಂಪುಗಳು ಒಂದೇ ಒಕ್ಕೂಟದಲ್ಲಿದ್ದವು. ಮರುವರ್ಷ ಮೇ ತಿಂಗಳಲ್ಲಿ ಟೆಲೋ ನಾಯಕ ಶ್ರೀ ಸಬಾರತ್ನಂ ಅವರನ್ನು ಎಲ್‌ಟಿಟಿಇಯವರೇ ಕೊಂದರು.

ನಮ್ಮ ಕಾಡಿನ ಸ್ನೇಹವೂ ಬಾಳಲಿಲ್ಲ. ರಾಜ್‌ಕುಮಾರ್ ನವೆಂಬರ್ 15ಕ್ಕೆ ಬಿಡುಗಡೆಯಾದರು. 2002ರಲ್ಲಿ ಕೇಂದ್ರ ಸರ್ಕಾರ ಆ ಎರಡೂ ಗುಂಪುಗಳನ್ನು ನಿಷೇಧಿಸಿತು. 2004ರ ಅಕ್ಟೋಬರ್ 18ರ ರಾತ್ರಿ ಪಾಪಾರಪಟ್ಟಿಯಲ್ಲಿ ವೀರಪ್ಪನ್ ಸತ್ತಾಗ ಜೊತೆಗಿದ್ದವರು ಮೂವರು, ಎಲ್ಲರೂ ಅವನ ಸ್ವಂತ ಗುಂಪಿನವರು.

ನನಗೆ ಇವತ್ತೂ ಸಂಕಟವಾಗುವುದು ಆ ಟಾಡಾ ಕೈದಿಗಳನ್ನು ನೆನೆದರೆ. ಅವರನ್ನು ಬಿಡಲು ಸರ್ಕಾರ ಒಪ್ಪಿದಾಗ, ವೀರಪ್ಪನ್ ಕೈಯಲ್ಲಿ ಸತ್ತ ಒಬ್ಬ ಸಬ್ ಇನ್ಸ್‌ಪೆಕ್ಟರ್ ಅವರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ತಡೆಯಿತು. ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದರಲ್ಲಿ ತಪ್ಪೇನಿದೆ? ಆದರೆ ಒಳಗಿದ್ದವರಲ್ಲಿ ಹೆಚ್ಚಿನವರು ನಮ್ಮ ಸುತ್ತಿನ ಕಾಡಂಚಿನ ಬಡವರು. ಮರುವರ್ಷ, 2001ರಲ್ಲಿ, ಮೈಸೂರಿನ ವಿಶೇಷ ಕೋರ್ಟು ಅವರಲ್ಲಿ ಬಹುಪಾಲು ಜನರ ಮೇಲಿನ ಆರೋಪ ಸಾಬೀತಾಗಿಲ್ಲ ಅಂತ ಬಿಟ್ಟುಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ಏಳೆಂಟು ವರ್ಷ ಜೈಲಿನಲ್ಲೇ ಕಳೆದಿದ್ದರು.