ರನ್‌ಅವೇ ಟ್ರೇನ್ ನೋಡಿ ಅತ್ತಿಗೆ ಕೇಳಿದ್ದು

13 ಜುಲೈ 2024, ಶನಿವಾರ ರಾತ್ರಿ

ಮಗನಿಗೆ ಗಿಟಾರ್ ಮೇಷ್ಟ್ರು ಹೊಸ ಹಾಡು ಕೊಟ್ಟಿದ್ದಾರೆ. ಅಮೆರಿಕದ ರಾಕ್ ಬ್ಯಾಂಡ್ ಸೋಲ್ ಅಸೈಲಮ್‌ನ ‘ರನ್‌ಅವೇ ಟ್ರೇನ್’. ಸಿ ಮೇಜರಿಂದ ಹೊರಟು ಎ ಮೈನರ್ ಹತ್ತಿರ ಬಂದಾಗಲೆಲ್ಲ ಎಡವುತ್ತಾನೆ, ಮತ್ತೆ ಮೊದಲಿಂದ ಶುರು. ಸಂಜೆಯಿಂದ ಮನೆಯಲ್ಲಿ ಇದೇ. ಅತ್ತಿಗೆ ಬಂದಿದ್ದಾರೆ, ಮಂಗಳವಾರದವರೆಗೆ ಇರ್ತಾರೆ. ಹೋಳಿಗೆ ತಂದಿದ್ದಾರೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಅಡುಗೆಮನೆಯಲ್ಲಿ ನಾನೂ ಹಾಡಿಕೊಳ್ಳುತ್ತಿದ್ದೆ. ‘ನಿಂಗೆ ಹೇಗೆ ಗೊತ್ತೇ ಇದು?’ ಅಂದರು ಅತ್ತಿಗೆ. ನನ್ನ ಕಾಲದ್ದು ಅತ್ತಿಗೆ, ಅಂದೆ. 1992ರ ಆಲ್ಬಮ್, ಸಿಂಗಲ್ ಆಗಿ ಬಂದದ್ದು 93ರಲ್ಲಿ. ಮಿನಿಯಾಪೊಲಿಸ್‌ನ ಹುಡುಗರು, ಹತ್ತು ವರ್ಷ ಗದ್ದಲದ ಹಾಡುಗಳನ್ನೇ ಹಾಡಿಕೊಂಡಿದ್ದವರು. ಹೆಸರು ತಂದುಕೊಟ್ಟದ್ದು ಮಾತ್ರ ಈ ಮೆಲುದನಿಯ ಹಾಡು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನ, ಮರುವರ್ಷ ಗ್ರ್ಯಾಮಿ. ಗಾಯಕ ಡೇವ್ ಪಿರ್ನರ್ ಇದನ್ನು ಬರೆದದ್ದು ಮಕ್ಕಳ ಬಗ್ಗೆ ಅಲ್ಲವೇ ಅಲ್ಲ, ತನ್ನ ಖಿನ್ನತೆಯ ಬಗ್ಗೆ. ಮನಸ್ಸು ಕೈತಪ್ಪಿ ಹೋಗುವುದನ್ನು ರೈಲು ಅಂದಿದ್ದಾನೆ. ಅದನ್ನು ಮನೆ ಬಿಟ್ಟ ಮಕ್ಕಳ ಹಾಡು ಮಾಡಿದ್ದು ವಿಡಿಯೊ.

‘ಹಾಕು, ನೋಡೋಣ’ ಅಂದರು. ಟಿವಿಯಲ್ಲಿ ಹಾಕಿದೆ.

ಅತ್ತಿಗೆ ಕೆಲಸ ಮಾಡುವುದು ರೈಲ್ವೆ ಸ್ಟೇಷನ್ನಿನ ಮಕ್ಕಳ ಸಹಾಯ ಕೇಂದ್ರದಲ್ಲಿ. ಗೊತ್ತಿದ್ದೂ ಯಾಕೆ ಹಾಕಿದೆನೋ. ಒಬ್ಬ ಮುದುಕ ಮನೆಯ ಹೆಂಗಸಿಗೆ ಹೊಡೆಯುತ್ತಾನೆ, ಅದನ್ನು ನೋಡಿದ ಹುಡುಗ ಓಡುತ್ತಾನೆ. ಬೀದಿಗೆ ಬಿದ್ದ ಹುಡುಗಿಯೊಬ್ಬಳು. ಗಾಡಿಯಲ್ಲಿ ಮಲಗಿದ್ದ ಕೂಸನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಇವೆಲ್ಲ ನಟನೆ. ನಡುನಡುವೆ ಬರುವ ಫೋಟೊಗಳು ನಟನೆ ಅಲ್ಲ. ಸ್ಕೂಲಿನಲ್ಲಿ ತೆಗೆಸಿದಂಥವು, ತಲೆ ಬಾಚಿ, ನಗು ಅಂದಾಗ ನಕ್ಕವು. ಪಕ್ಕದಲ್ಲಿ ಹೆಸರು, ಯಾವ ವರ್ಷದಿಂದ ಕಾಣೆ ಅನ್ನುವುದು. ಅಷ್ಟೇ.

ಅತ್ತಿಗೆ ಕಾಫಿ ಲೋಟ ಕೆಳಗಿಟ್ಟು ಮುಂದಕ್ಕೆ ಬಗ್ಗಿ ಕೂತರು.

‘ಇವರಲ್ಲಿ ಎಷ್ಟು ಜನ ಸಿಕ್ಕಿದರು?’

ನಿರ್ದೇಶಕ ಟೋನಿ ಕೇ 26 ಮಕ್ಕಳು ಸಿಕ್ಕರು ಅಂತ ಹೇಳಿದ್ದಾನೆ, ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದಿರಬೇಕು, ನಾನೇ ಹುಡುಕಿಕೊಟ್ಟ ಹಾಗೆ.

‘ಸಿಕ್ಕ ಮೇಲೆ?’

ಎಲ್ಲರೂ ಸಿಕ್ಕರಾ ಅಂತ ಕೇಳುವವರೇ ಜಾಸ್ತಿ. ಸಿಕ್ಕ ಮೇಲೆ ಏನಾಯಿತು ಅಂತ ನನಗಂತೂ ಇದುವರೆಗೆ ಯಾರೂ ಕೇಳಿರಲಿಲ್ಲ. ಆಗ ಗಿಟಾರ್ ವಾದಕ ಡ್ಯಾನ್ ಮರ್ಫಿ ಹೇಳಿದ್ದ ಮಾತು ನೆನಪಾಯಿತು. ಈ ವಿಡಿಯೊದಿಂದ ಪತ್ತೆಯಾದ ಒಬ್ಬ ಹುಡುಗಿ ಅವನ ಹತ್ತಿರ ಬಂದು, ನೀವು ನನ್ನ ಬದುಕು ಹಾಳು ಮಾಡಿದಿರಿ ಅಂದಳಂತೆ. ಅವಳು ಬಿಟ್ಟು ಬಂದದ್ದು ಕೆಟ್ಟ ಮನೆ. ಟಿವಿಯಲ್ಲಿ ಮುಖ ಬಂತು, ಮತ್ತೆ ಅಲ್ಲಿಗೇ ಹೋಗಬೇಕಾಯಿತು.

ಅತ್ತಿಗೆಗೆ ಆಶ್ಚರ್ಯವೇನೂ ಆಗಲಿಲ್ಲ. ‘ಇರತ್ತೆ’ ಅಂದರು.

ಆಮೇಲೆ ತಾವಾಗಿಯೇ ಹೇಳುತ್ತಾ ಹೋದರು. ‘ನಾನು ಮೊದಲು ಕಾಲು ನೋಡ್ತೀನಿ. ಮಾರ್ಕ್ಸ್ ಕಡಿಮೆ ಬಂತು ಅಂತಲೋ, ಸಿನಿಮಾ ಸೇರ್ತೀನಿ ಅಂತಲೋ ಹಠದಲ್ಲಿ ಬಂದಿರೋ ಮಗು ಶೂ ಹಾಕ್ಕೊಂಡು ಬಂದಿರತ್ತೆ. ಬ್ಯಾಗ್ ಇರತ್ತೆ, ಚಾರ್ಜರ್ ಕೂಡ ಇರತ್ತೆ. ಏಟು ತಪ್ಪಿಸಿಕೊಂಡು ಬಂದಿದ್ದು ಬರಿಗಾಲಲ್ಲಿ ಇರತ್ತೆ. ಯಾವಾಗಲೂ ಹಾಗೇ ಅಂತಲ್ಲ. ಆದರೂ ನೋಡ್ತೀನಿ.’

‘ಊರು ಹೇಳಲ್ವಾ?’

‘ಮೂರು ಊರು ಹೇಳತ್ತೆ. ಒಂದು ಸಲ ರಾಯಚೂರು ಅನ್ನತ್ತೆ, ಬಿಸ್ಕತ್ತು ತಿಂದಮೇಲೆ ಗದಗ ಅನ್ನತ್ತೆ. ಹೊಸದಾಗಿ ಸೇರಿದ ಹುಡುಗರಿಗೆ ಸಿಟ್ಟು ಬರತ್ತೆ, ಸುಳ್ಳು ಹೇಳ್ತಿದೆ ಅಂತ. ಸುಳ್ಳು ಹೇಳಲಿ ಬಿಡು. ಊರು ಹೇಳಿದ ತಕ್ಷಣ ಅಪ್ಪನ್ನ ಕರೆಸ್ತಾರೆ ಅಂತ ಅದಕ್ಕೆ ಗೊತ್ತಲ್ವಾ.’

24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಕಾನೂನು ಇದೆ. ಮನೆಗೆ ಕಳಿಸಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ. ಹಾಗೆ ರಕ್ಷಣೆಗೆ ಬಂದ ಮಗುವಿನ ಹೆಸರು, ಫೋಟೊ ಎಲ್ಲೂ ಹಾಕುವ ಹಾಗಿಲ್ಲ. ಕಾಣೆಯಾದಾಗ ಎಲ್ಲಾ ಗೋಡೆ ಮೇಲೂ ಆ ಮುಖ ಇರಬೇಕು, ಸಿಕ್ಕ ಕೂಡಲೇ ಎಲ್ಲೂ ಇರಬಾರದು. ಅತ್ತಿಗೆ ಇದನ್ನು ರೈಲು ಟೈಮ್ ಹೇಳಿದಷ್ಟು ಸಲೀಸಾಗಿ ಹೇಳಿದರು.

ಈ ವಿಡಿಯೊದ ತೊಂದರೆಯೂ ಅದೇ ಅನ್ನಿಸುತ್ತಿದೆ. ಫೋಟೊ ಹಾಕಿತು, ತೆಗೆಯಲಿಲ್ಲ. ಯೂಟ್ಯೂಬಿನಲ್ಲಿ ಆ ಮಕ್ಕಳು ಇವತ್ತಿಗೂ ಕಾಣೆಯಾದವರೇ. ಬದುಕಿದ್ದರೆ ನಲವತ್ತು ದಾಟಿರುತ್ತಾರೆ, ಅವರ ಮಕ್ಕಳೇ ಗಿಟಾರ್ ಕ್ಲಾಸಿಗೆ ಹೋಗುತ್ತಿರಬಹುದು. ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಫೋಟೊ ಹಾಕಿ ತೋರಿಸಿದ್ದರು. ಬ್ರಿಟನ್ನಿನ ವಿಡಿಯೊದಲ್ಲಿ ಇಬ್ಬರು ಹುಡುಗಿಯರಿದ್ದರು, ಇಬ್ಬರೂ 1991ರಲ್ಲಿ ಕಾಣೆಯಾದವರು. ಹಾಡು ಟಿವಿಯಲ್ಲಿ ಬರುವಾಗ ಅವರು ಆಗಲೇ ಇರಲಿಲ್ಲ. 2007ರಲ್ಲಿ ಮಾರ್ಗೇಟ್ ಅನ್ನೋ ಊರಿನ ಒಂದು ಮನೆಯ ಹಿತ್ತಲಲ್ಲಿ ಇಬ್ಬರ ಅವಶೇಷವೂ ಸಿಕ್ಕಿತು. ಇದನ್ನು ಅತ್ತಿಗೆಗೆ ಹೇಳಲಿಲ್ಲ. ಮಗ ಅಲ್ಲೇ ಇದ್ದ.

2019ರಲ್ಲಿ ಇದೇ ಹಾಡನ್ನು ಬೇರೆಯವರು ಹಾಡಿ ಹೊಸ ವಿಡಿಯೊ ಮಾಡಿದರು. ನೋಡುವವರು ಅಮೆರಿಕದ ಯಾವ ಭಾಗದಲ್ಲಿದ್ದಾರೋ ಅಲ್ಲಿನ ಮಕ್ಕಳ ಫೋಟೊ ಬರುವ ಹಾಗೆ. ಜಾಣತನದ ಕೆಲಸ, ಒಪ್ಪಿದೆ. ಹಾಡು ಮಾತ್ರ ಸಕ್ಕರೆ ಪಾಕ. ಪಿರ್ನರ್‌ನ ಆ ಒಡಕು ಗಂಟಲು ಇಲ್ಲದೆ ಅದು ಹಾಡೇ ಅಲ್ಲ. ಮಗ ‘ಅಮ್ಮ, ನಿಂಗೆ ಹಳೇದೆಲ್ಲಾ ಒಳ್ಳೇದು’ ಅಂದ. ಹೌದು ಕಣೋ, ಹೋಗಿ ಎ ಮೈನರ್ ಸರಿ ಮಾಡ್ಕೋ.

ನಮ್ಮಲ್ಲೂ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಕಾಣೆಯಾದವರ ಪ್ರಕಟಣೆ. ಪೇಪರಿನಲ್ಲಿ ಈಗಲೂ ಬರುತ್ತೆ. ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾಳೆ, ಮನೆಯಿಂದ ಹೋಗುವಾಗ ಹಸಿರು ಚೂಡಿದಾರ್ ಧರಿಸಿದ್ದಳು. ಓದಿದರೆ ಅರ್ಧ ಊರಿನ ಹುಡುಗಿಯರು ಕಣ್ಣ ಮುಂದೆ ಬರುತ್ತಾರೆ. ಯಾಕೆ ಹೋದಳು ಅಂತ ಒಂದು ಸಾಲೂ ಇರುವುದಿಲ್ಲ. ಎಲ್ಲೋ ಒಂದರಲ್ಲಿ ಮಾತ್ರ ಮನೆಯವರು ಬರೆಸಿರುತ್ತಾರೆ, ಎಲ್ಲಿದ್ದರೂ ಬಾ, ಯಾರೂ ಬೈಯುವುದಿಲ್ಲ ಅಂತ. ಅದನ್ನು ಓದಿದಾಗ ನನಗೆ ಸಮಾಧಾನಕ್ಕಿಂತ ಭಯವೇ ಜಾಸ್ತಿ.

ಊಟ ಆದಮೇಲೆ ಪಾತ್ರೆ ತೊಳೆಯುತ್ತಾ ಕೇಳಿದೆ. ಮನೆಗೆ ಹೋಗಲ್ಲ ಅನ್ನೋ ಮಗುವಿನ ಫೋಟೊ ಹಾಕಬೇಕಾ ಅತ್ತಿಗೆ, ಬೇಡ್ವಾ?

‘ಹಾಕಬೇಕು. ಯಾರ ಕೈಲಿದೆಯೋ ಯಾರಿಗೆ ಗೊತ್ತು.’ ಲೋಟ ಒರೆಸುತ್ತಾ ಸ್ವಲ್ಪ ಯೋಚಿಸಿದರು. ‘ಆದರೆ ಕೆಳಗಡೆ ಹಾಕೋ ನಂಬರ್ ಅಪ್ಪಂದಾಗಿರಬಾರದು.’

ಆ ವಿಡಿಯೊದ ಕೊನೆಯಲ್ಲಿ ಪಿರ್ನರ್ ಹೇಳುವುದು ಹತ್ತಿರಹತ್ತಿರ ಅದನ್ನೇ ಅಲ್ವಾ? ಈ ಮಕ್ಕಳನ್ನು ನೋಡಿದ್ದರೆ, ಅಥವಾ ಅವರಲ್ಲಿ ಒಬ್ಬರು ನೀವೇ ಆಗಿದ್ದರೆ, ಈ ನಂಬರಿಗೆ ಫೋನ್ ಮಾಡಿ ಅಂತ. ನಮ್ಮ ಮಕ್ಕಳ ಸಹಾಯವಾಣಿ 1098 ಕೂಡ ಹಾಗೇ, ಮಗುವೇ ಮಾಡಬಹುದು. ಆ ನಂಬರಿಗೆ ಮಕ್ಕಳು ನಿಜವಾಗಿ ಮಾಡ್ತಾರಾ, ಮಾಡಿದರೆ ಮೊದಲು ಏನು ಹೇಳ್ತಾರೆ ಅಂತ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅಣ್ಣನ ಫೋನ್. ಹಾಲಿಗೆ ಹೆಪ್ಪು ಎಷ್ಟು ಹಾಕಬೇಕು ಅಂತ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ಗೊತ್ತಿಲ್ಲ ಆ ಮನುಷ್ಯನಿಗೆ. ಅತ್ತಿಗೆ ಅರ್ಧ ಗಂಟೆಯಿಂದ ಹೇಳಿಕೊಡ್ತಾ ಇದ್ದಾರೆ, ನಾನು ಇಲ್ಲಿ ಬರೀತಾ ಕೂತಿದ್ದೀನಿ.