ರಕ್ತ ಕೊಡುವ ಬೆಳಿಗ್ಗೆ

ಮನಸ್ಸು ಒಮ್ಮೆ ಮಿತಿಮೀರಿ ಏರಿ, ಇನ್ನೊಮ್ಮೆ ತಳಕ್ಕಿಳಿಯುವ ಕಾಯಿಲೆ ಬೈಪೋಲಾರ್. ಆ ಹೆಸರನ್ನು ಮನೆಯವರಿಂದ ಬಚ್ಚಿಡಬಹುದು. ಮಾತ್ರೆಯ ಸ್ಟ್ರಿಪ್ಪನ್ನು ಬ್ಯಾಗಿನ ಒಳಜೇಬಿಗೆ ತುರುಕಿಡಬಹುದು. ಆದರೆ ಆ ಮಾತ್ರೆ ಈ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಆಗಿದ್ದರೆ ಉಪ್ಪು, ನೀರು, ನಿದ್ದೆ ಮೂರೂ ಲೆಕ್ಕಕ್ಕೆ ಬರುತ್ತವೆ. ಅಮ್ಮನಿಗೆ ಗೊತ್ತಿಲ್ಲದೆ ಇವು ಮೂರೂ ನಡೆಯುವ ಮನೆ ನಮ್ಮಲ್ಲಿ ಎಲ್ಲಿದೆ?

ಹೇಳುವುದಕ್ಕೆ ರಕ್ತ ಪರೀಕ್ಷೆಯ ದಿನವೇ ವಾಸಿ. ಹಬ್ಬದ ದಿನ ಬೇಡ, ನೆಂಟರಿದ್ದಾಗ ಬೇಡ, ಜಗಳದ ನಡುವೆಯಂತೂ ಬೇಡವೇ ಬೇಡ. ಲಿಥಿಯಂ ಮಟ್ಟ ನೋಡಲು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದವರು ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿರಬೇಕು. ಬೆಳಗಿನ ಮಾತ್ರೆಯೂ ಇದ್ದರೆ ಅದು ರಕ್ತ ಕೊಟ್ಟಾದ ಮೇಲೆ. ಮೊದಲೇ ನುಂಗಿಬಿಟ್ಟರೆ ರಿಪೋರ್ಟಿನ ಅಂಕಿ ಸುಮ್ಮನೆ ಏರಿ ಕಾಣುತ್ತದೆ, ಅದನ್ನು ನಂಬಿ ಡಾಕ್ಟರು ಡೋಸ್ ಇಳಿಸಿಬಿಡಬಹುದು. ಲಿಥಿಯಂ ಒಂದಕ್ಕೇ ಆದರೆ ಖಾಲಿ ಹೊಟ್ಟೆ ಬೇಕಿಲ್ಲ. ಹಾಗಾಗಿ ಚಪ್ಪಲಿ ಹಾಕುವಾಗ ಅಮ್ಮ "ತಿಂಡಿ ತಿನ್ನದೆ ಎಲ್ಲಿಗೆ ಹೊರಟೆ?" ಅಂದರೆ ವಾಪಸು ಬಂದು ಕೂರಬಹುದು.

"ನಿಂಗೊಂದು ವಿಷ್ಯ ಹೇಳ್ಬೇಕಮ್ಮ" ಅಂತ ಪೀಠಿಕೆ ಹಾಕಬೇಡಿ. ಅಷ್ಟಕ್ಕೇ ಅವರ ಎದೆ ಧಸಕ್ಕೆನ್ನುತ್ತದೆ, ಮುಂದಿನದು ಕಿವಿಗೆ ಬೀಳುವುದಿಲ್ಲ. "ರಕ್ತ ಕೊಟ್ಟು ಬರ್ತೀನಿ, ಮಾತ್ರೆ ಸರಿಯಾಗಿ ಹಿಡಿದಿದ್ಯಾ ನೋಡೋಕೆ" ಅನ್ನಿ ಸಾಕು. "ಯಾವ ಮಾತ್ರೆ?" ಅಂತ ಅವರೇ ಕೇಳುತ್ತಾರೆ. ಆಗಲೂ ಕಾಯಿಲೆಯ ಹೆಸರು ಮೊದಲು ಬೇಡ, ಅವರು ಕಣ್ಣಾರೆ ಕಂಡದ್ದರಿಂದ ಶುರುಮಾಡಿ: "ದೀಪಾವಳಿ ಹೊತ್ತಲ್ಲಿ ಮೂರೇ ಗಂಟೆ ಮಲಗಿ ಎದ್ದು ಕುಣಿದಾಡ್ತಿದ್ದೆನಲ್ಲ, ಸಾಲ ಮಾಡಿ ಬೈಕ್ ತಂದೆನಲ್ಲ. ಆಮೇಲೆ ಎರಡು ತಿಂಗಳು ಸ್ನಾನಕ್ಕೂ ಏಳ್ತಿರಲಿಲ್ಲ. ಎರಡೂ ಒಂದೇ ಕಾಯಿಲೆ ಅಮ್ಮ." ಹೆಸರು ಇದಾದ ಮೇಲೆ.

ಬರುವ ಮಾತುಗಳು ಹೆಚ್ಚುಕಮ್ಮಿ ಗೊತ್ತಿರುವವೇ. "ಮಾತ್ರೆ ಚಟ ಆಗಿಬಿಡುತ್ತೆ." ಲಿಥಿಯಂ ಚಟ ಹಿಡಿಸುವ ಔಷಧಿಯಲ್ಲ, ಆದರೆ ಒಮ್ಮೆಲೇ ಬಿಟ್ಟರೆ ಮೇನಿಯಾ, ಅಂದರೆ ಆ ನಿದ್ದೆಯಿಲ್ಲದ ಕುಣಿದಾಟ, ಮರಳುವ ಅಪಾಯ ಜೋರಾಗಿದೆ. "ಯಾರದೋ ಕಣ್ಣು ಬಿದ್ದಿದೆ." ಮೆಣಸಿನಕಾಯಿ ನೀವಾಳಿಸಿದರೆ ನಷ್ಟವೇನೂ ಇಲ್ಲ, ವಾದಕ್ಕಿಳಿಯಬೇಡಿ. ನೀರೂ ಮುಟ್ಟದ ಉಪವಾಸದ ಹರಕೆಗೆ ಮಾತ್ರ ಖಡಾಖಂಡಿತ ಬೇಡ ಅನ್ನಿ.

ಕಾರಣವನ್ನು ಅಲ್ಲೇ, ಒಲೆಯ ಪಕ್ಕದಲ್ಲೇ ಹೇಳಿ. ಮೂತ್ರಪಿಂಡ ಲಿಥಿಯಮ್ಮನ್ನು ಸೋಡಿಯಮ್ಮಿನ ಹಾಗೇ ನಡೆಸಿಕೊಳ್ಳುತ್ತದೆ. ಮೈಯಲ್ಲಿ ಉಪ್ಪೋ ನೀರೋ ಕಡಿಮೆಯಾದಾಗ ಸೋಡಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಮ್ಮನ್ನೂ. ಅಪ್ಪನಿಗೆ ಬಿಪಿ ಬಂತೆಂದು ಇಡೀ ಮನೆಯ ಸಾರಿಗೆ ದಿಢೀರನೆ ಉಪ್ಪು ಇಳಿದರೆ, ಬೇಸಿಗೆಯಲ್ಲಿ ಭೇದಿ ಹಿಡಿದರೆ, ಮಾತ್ರೆ ಅಷ್ಟೇ ಇದ್ದರೂ ಮಟ್ಟ ಮೇಲೇರುತ್ತದೆ. ಸೊಂಟ ಹಿಡಿಯಿತೆಂದು ಅಪ್ಪನ ಡಬ್ಬಿಯಿಂದ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ನುಂಗಿದರೂ ಅದೇ ಕಥೆ. ಸಾಮಾನ್ಯ ಜ್ವರ, ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೈ ಸಣ್ಣಗೆ ನಡುಗುವುದು ಹಲವರಿಗೆ ಇದ್ದದ್ದೇ. ಕಾಫಿ ಲೋಟ ಹಿಡಿಯಲಾಗದಷ್ಟು ನಡುಕ, ವಾಂತಿ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ. ಈ ನಾಲ್ಕನ್ನು ಗುರುತಿಸಲು ಮನೆಯಲ್ಲಿ ಒಬ್ಬರಾದರೂ ತಿಳಿದವರಿರಬೇಕು. ಮುಚ್ಚಿಟ್ಟವರಿಗೆ ಆ ಒಬ್ಬರು ಇರುವುದಿಲ್ಲ. ಮದುವೆ ಮಾತುಕತೆಯಲ್ಲಿ "ಆ ಮನೆಯವರಿಗೆ ಹೇಳೋದು ಬೇಡ" ಅನ್ನುವ ಹಿರಿಯರಿಗೂ ಇದೇ ಉತ್ತರ: ಅಲ್ಲೂ ಒಂದು ಅಡುಗೆಮನೆ ಇರುತ್ತದೆ.

ಹಾಗೆಂದು ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ದೊಡ್ಡಪ್ಪನಿಗೆ ಹೇಳುವ ಹಂಗಿಲ್ಲ. ಅಮ್ಮ ಸಂಜೆಯೊಳಗೆ ಚಿಕ್ಕಮ್ಮನಿಗೆ ಫೋನ್ ಮಾಡಿಯೇ ಮಾಡುತ್ತಾರೆ. ಯಾರಿಗೆ ಎಷ್ಟು ಅನ್ನುವುದನ್ನು ಬೆಳಿಗ್ಗೆಯೇ ಮಾತಾಡಿಕೊಳ್ಳಿ. ಅವರಿಗೂ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದಲ್ಲ, ಅದಕ್ಕೆ 14416 ಇದೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಕರೆ ಮಾಡಬಹುದು. ಇನ್ನೊಂದು ಕಾಗದದ ಕೆಲಸವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ನಿನಂತೆ ನಿಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ನೀವೇ ಹೆಸರಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರಾಯಿತು. ಅಪ್ಪನೇ ಆಗಬೇಕೆಂದಿಲ್ಲ. ಸಿಟ್ಟು ಬೇಗ ಬರದ ಅಕ್ಕ ಇದ್ದರೆ ಅವಳ ಹೆಸರೇ ಒಳ್ಳೆಯದು.

ಹೇಳಿದ ಮೇಲೆ ಕೆಡುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ. ಸ್ವಲ್ಪ ದನಿ ಏರಿದರೂ "ಮಾತ್ರೆ ತಗೊಂಡ್ಯಾ?", ಜೋರಾಗಿ ನಕ್ಕರೂ "ಮಾತ್ರೆ ತಗೊಂಡ್ಯಾ?". ಕೆಲವರು ಈ ಮಾತಿನ ಸಿಟ್ಟಿಗೇ ಮಾತ್ರೆ ಬಿಟ್ಟುಬಿಡುತ್ತಾರೆ. ವಾರದ ದಿನಕ್ಕೊಂದರಂತೆ ಏಳು ಮನೆಗಳಿರುವ ಮಾತ್ರೆ ಡಬ್ಬಿಯೊಂದನ್ನು ತಂದು ಫ್ರಿಜ್ಜಿನ ಮೇಲೆ ಎಲ್ಲರಿಗೂ ಕಾಣುವಂತೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಬುಧವಾರದ ಮನೆ ಖಾಲಿಯಿದೆಯೇ ಅಂತ ಅವರು ನೋಡಲಿ, ಕೇಳುವುದು ಬೇಡ. ಕೇಳಲು ಒಂದು ಸಂದರ್ಭ ಬಿಟ್ಟುಕೊಡಿ: ಎರಡು ರಾತ್ರಿ ನಿದ್ದೆ ತೀರಾ ಕಡಿಮೆಯಾಗಿಯೂ ಸುಸ್ತು ಕಾಣದಿದ್ದರೆ "ಡಾಕ್ಟರಿಗೆ ಫೋನ್ ಮಾಡೋಣ್ವಾ?" ಅನ್ನುವ ಹಕ್ಕು ಅವರಿಗಿದೆ.

ರಿಪೋರ್ಟು ಬಂದ ಮೇಲೆ ಫೋನ್ ಅವರ ಕೈಗೇ ಕೊಡಿ. ಬಹಳಷ್ಟು ಜನರಿಗೆ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇದ್ದರೆ ಸರಿ, 1.5 ದಾಟಿದರೆ ವಿಷ. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ಆರು ತಿಂಗಳಿಗೊಮ್ಮೆ ಜೊತೆಗೇ ಇರುತ್ತದೆ. ಮುಂದಿನ ಸಲ ಲ್ಯಾಬಿನಿಂದ ಬರುವಷ್ಟರಲ್ಲಿ, ಅಪ್ಪನ ಶುಗರ್ ಕೇಳುವ ದನಿಯಲ್ಲೇ, ಒಗ್ಗರಣೆಯ ಸದ್ದಿನ ನಡುವೆ ಪ್ರಶ್ನೆ ಬರುತ್ತದೆ:

"ಎಷ್ಟು ಬಂತೋ?"

"ಸೊನ್ನೆ ಪಾಯಿಂಟ್ ಏಳು ಅಮ್ಮ."