ಖಾಲಿ ಲಿಸ್ಟಿನ ಒಂಬತ್ತು ಜನ

ಸೋಮವಾರ ಬೆಳಿಗ್ಗೆ ಬಂದ ಒಂದು ಫೋನ್ ಇನ್ನೂ ತಲೆಯಿಂದ ಹೋಗಿಲ್ಲ. ಮಂಡ್ಯ ಕಡೆಯ ಒಂದು ಹಳ್ಳಿಯ ಮಹಿಳಾ ಡೈರಿಯ ಸೆಕ್ರೆಟರಿ ಮಾಡಿದ್ದರು. "ಸಾರ್, ಫೀಡ್ ಲಿಸ್ಟಲ್ಲಿ ನಮ್ಮವರು ಒಂಬತ್ತು ಜನ ಇಲ್ಲ" ಎಂದರು. ನಾನು ಸ್ಕ್ರೀನ್ ನೋಡಿಕೊಂಡೇ, "ಅವರು ಈ ಸಲ ಹಾಲು ಹಾಕಿಲ್ಲವೇನೋ ಅಕ್ಕಾ" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಾಲು ಹಾಕ್ಲಿಲ್ಲ ಅಂದ್ರೆ ಮೆಂಬರ್ ಅಲ್ವಾ ಸಾರ್?"

ಹಸುವಿನ ಫೀಡ್ ಯಾರ್ಯಾರಿಗೆ ಎಂದು ಹೇಳುವ ಆ ಲಿಸ್ಟ್ ಹುಟ್ಟಿದ್ದು ನಾನು ಬರೆದ ಕ್ವೆರಿಯಿಂದ, ಅಂದರೆ ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯುವ ಕೋಡ್‌ನಿಂದ. ಹಳ್ಳಿಗಳ ಡೈರಿಯಲ್ಲಿ ಹಾಲು ಅಳೆಯುವ ಮಿಷನ್‌ಗಳಿಂದ ನಮಗೆ ಜೇಸನ್ (JSON) ಎಂಬ ರೂಪದ ಡೇಟಾ ಫೈಲ್ ಬರುತ್ತದೆ. ಒಬ್ಬ ಮೆಂಬರ್‌ಗೆ ಒಂದು ದಾಖಲೆ. ಅದರೊಳಗೆ ಒಂದು ಬಟವಾಡೆಯ, ಅಂದರೆ 15 ದಿನದ, ಲೆಕ್ಕ: ತಾರೀಖು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ). ಅದನ್ನು ಬಂದ ಹಾಗೇ ಸ್ನೋಫ್ಲೇಕ್ ಎಂಬ ಡೇಟಾಬೇಸ್‌ನ ವೇರಿಯಂಟ್ ಕಾಲಂಗೆ, ಅಂದರೆ ಇಂಥ ಡೇಟಾವನ್ನು ಇದ್ದ ರೂಪದಲ್ಲೇ ಹಿಡಿದಿಡುವ ಕಾಲಂಗೆ, ತುಂಬುತ್ತೇವೆ. ಆಮೇಲೆ ಫ್ಲಾಟನ್ ಅನ್ನೋ ಫಂಕ್ಷನ್ ಹಾಕಿ ಒಳಗಿನ ಲಿಸ್ಟನ್ನು ಸಾಲು ಸಾಲಾಗಿ ಬಿಡಿಸುತ್ತೇವೆ. 28 ಹೊತ್ತು ಹಾಲು ಹಾಕಿದವರಿಗೆ 28 ಸಾಲು. ಒಂದು ಹೊತ್ತೂ ಹಾಕದವರ ಲಿಸ್ಟ್ ಖಾಲಿ. ಖಾಲಿ ಲಿಸ್ಟ್ ಬಿಡಿಸಿದರೆ ಸಾಲೇ ಹುಟ್ಟುವುದಿಲ್ಲ. ಅದರ ಜೊತೆಗೆ ಆ ಮೆಂಬರ್‌ನ ಹೆಸರು, ನಂಬರ್ ಎಲ್ಲವೂ ಹೋಗಿಬಿಡುತ್ತದೆ. ಎರರ್ ಬರುವುದಿಲ್ಲ. ಫ್ಲಾಟನ್‌ನಲ್ಲಿ ಔಟರ್ ಅನ್ನೋ ಆಯ್ಕೆಯನ್ನು ಟ್ರೂ ಮಾಡಿದ್ದರೆ, ಒಂದು ಖಾಲಿ ಸಾಲಾಗಿಯಾದರೂ ಅವರು ಉಳಿಯುತ್ತಿದ್ದರು. ನಾನು ಮಾಡಿರಲಿಲ್ಲ.

ನಮ್ಮ ಟೀಮ್ ಲೀಡ್ ತುಂಬಾ ಒಳ್ಳೆಯವರು, ಯಾರ ಮೇಲೂ ರೇಗಿದ್ದು ನೋಡಿಲ್ಲ. ಆದರೆ ಟೋಟಲ್ ತಾಳೆಯಾದರೆ ಅವರಿಗೆ ಸಾಕು. ಲೀಟರ್ ಟೋಟಲ್ ಪಾಯಿಂಟ್ ಸಮೇತ ತಾಳೆಯಾಗಿತ್ತು. ಆಗದೇ ಏನು? ಮಾಯವಾದವರ ಹಾಲು ಸೊನ್ನೆ. ಸೊನ್ನೆ ಬಿಟ್ಟುಹೋದರೆ ಟೋಟಲ್‌ಗೆ ಹೇಗೆ ಗೊತ್ತಾಗಬೇಕು? ಗೊತ್ತಾಗಿದ್ದು ಆ ಅಕ್ಕನ ನೋಟ್‌ಬುಕ್‌ನಿಂದ. ಅದರಲ್ಲಿ 112 ಹೆಸರು, ನಮ್ಮಲ್ಲಿ 103.

ತಿದ್ದುವುದು ಕಷ್ಟವಾಗಲಿಲ್ಲ. ಮೂಲ ಫೈಲ್‌ಗಳ ಡೇಟಾ ವೇರಿಯಂಟ್ ಕಾಲಂನಲ್ಲಿ ಹಾಗೇ ಇತ್ತು. ಮೊದಲು ತುಂಬಿ, ಆಮೇಲೆ ರೂಪ ಕೊಡುವುದರಲ್ಲಿ ಇದೊಂದು ದೊಡ್ಡ ಅನುಕೂಲ. ಆದರೆ ತಿದ್ದಿದ ಮೇಲೆ ಬೇರೆ ತೊಂದರೆಗಳು ಕಂಡವು. ಸಾಲು ಎಣಿಸಿದರೆ, ಈಗ ಒಂದು ಖಾಲಿ ಸಾಲು ಸಿಕ್ಕಿದ್ದರಿಂದ ಹಾಲೇ ಹಾಕದವರೂ ಒಂದು ಹೊತ್ತು ಹಾಕಿದಂತೆ ಲೆಕ್ಕಕ್ಕೆ ಬರುತ್ತಿದ್ದರು. ಹಾಗಾಗಿ ಸಾಲಿನ ಬದಲು ಲೀಟರ್ ಕಾಲಂ ಎಣಿಸಬೇಕಾಯಿತು. ಇನ್ನೊಂದು, ಲಿಸ್ಟ್ ಖಾಲಿ ಇರುವುದೂ ಲಿಸ್ಟೇ ಬಾರದಿರುವುದೂ ಈಗ ಒಂದೇ ಥರ, ನಲ್ (ಏನೂ ಇಲ್ಲದ ಜಾಗ) ಆಗಿ ಕಾಣುತ್ತಿದ್ದವು. ಒಂದರಲ್ಲಿ ಹಾಲು ಬಂದಿಲ್ಲ. ಇನ್ನೊಂದರಲ್ಲಿ ಮಿಷನ್ ಕಳಿಸಿಲ್ಲ. ಎರಡೂ ಒಂದೇನಾ? ಮೂಲ ಡೇಟಾದಲ್ಲಿ ಲಿಸ್ಟಿನ ಅಳತೆ ನೋಡಿ, ಸೊನ್ನೆ ಇದ್ದರೆ ಒಂದು ಗುರುತು, ಅಳತೆಯೇ ಸಿಗದಿದ್ದರೆ ಇನ್ನೊಂದು ಗುರುತು ಹಾಕುವ ಕಾಲಂ ಸೇರಿಸಿದೆ.

ಆ ಕಾಲಂಗೆ ಏನು ಬರೆಯಲಿ ಎಂದು ಅಕ್ಕನಿಗೇ ಫೋನ್ ಮಾಡಿದೆ. "ಸೊನ್ನೆ ಅಂತ ಬರೀಬೇಡಿ ಸಾರ್. ಸುಮಾರು ಜನರ ಹಸ ಗಬ್ಬ. ಕರು ಹಾಕೋಕೆ ಎರಡು ತಿಂಗಳಿರೋವಾಗ ಕರೆಯೋದು ನಿಲ್ಲಿಸ್ತಾರೆ. ಫೀಡ್ ಜಾಸ್ತಿ ಬೇಕಾಗೋದೇ ಆವಾಗ."

ಫೀಡ್ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ, ನನ್ನ ಕ್ವೆರಿ ಬಿಟ್ಟಿದ್ದು ಅವರನ್ನೇ.

ಆವತ್ತಿನಿಂದ ನಮ್ಮೂರ ಶಾಲೆಯ ಹಾಜರಿ ಪುಸ್ತಕ ನೆನಪಾಗುತ್ತಿದೆ. ತಿಂಗಳಿಡೀ ಬಾರದ ಹುಡುಗನ ಹೆಸರನ್ನೂ ಮೇಷ್ಟ್ರು ದಿನಾ ಕೂಗುತ್ತಿದ್ದರು. ಯಾರೂ ಓಗೊಡುತ್ತಿರಲಿಲ್ಲ. ಒಂದು ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಬರಲಿಲ್ಲ ಎಂದು ಬರೆಯಲಿಕ್ಕಾದರೂ ಹೆಸರು ಇರಬೇಕಿತ್ತು ಅಲ್ವಾ? ಕಾಯಿಲೆ ಬಿದ್ದವರು, ಬಾಣಂತಿಯರು, ಕೆಲಸ ಹುಡುಕಿ ಊರು ಬಿಟ್ಟವರು, ಇವರೆಲ್ಲ ಎಷ್ಟು ಲಿಸ್ಟ್‌ಗಳಿಂದ ಹೀಗೆ ಸದ್ದಿಲ್ಲದೆ ಉದುರಿಹೋಗಿದ್ದಾರೋ. ಅವರ ಪರವಾಗಿ ನೋಟ್‌ಬುಕ್ ಹಿಡಿದು ಫೋನ್ ಮಾಡುವ ಅಕ್ಕ ಎಲ್ಲ ಕಡೆ ಇರುವುದಿಲ್ಲ. ಈ ವಾರ ನನ್ನ ಹಳೆಯ ಕ್ವೆರಿಗಳನ್ನೆಲ್ಲ ತೆಗೆದು ಕೂತಿದ್ದೇನೆ. ಲೀಟರ್ ಜೊತೆಗೆ ಮೆಂಬರ್‌ಗಳ ಸಂಖ್ಯೆಯನ್ನೂ ತಾಳೆ ನೋಡುತ್ತಿದ್ದೇನೆ. ಇನ್ನೂ ಎರಡು ಕಡೆ ಜನ ಕಮ್ಮಿ ಬಂದಿದ್ದಾರೆ.

ನಿನ್ನೆ ಹೊಸ ಲಿಸ್ಟ್ ಕಳಿಸಿದೆ. ಸಂಜೆ ಅಕ್ಕ ಫೋನ್ ಮಾಡಿದರು. ಒಂಬತ್ತೂ ಹೆಸರು ಬಂದಿವೆಯಂತೆ. ಇಡುವ ಮುಂಚೆ ಹೇಳಿದರು: "ಅದರಲ್ಲಿ ಒಬ್ಬರ ಹಸ ರಾತ್ರಿ ಕರು ಹಾಕ್ತು ಸಾರ್, ಹೆಣ್ಗರು. ಗಿಣ್ಣು ಕಳೀಲಿ, ಮುಂದಿನ ವಾರದಿಂದ ಡೈರಿಗೆ ಹಾಕ್ತಾರೆ."